ಎಕೋ ಸ್ವಲ್ಪ ಕಮ್ಮಿ ಮಾಡಪ್ಪಾ!

ಕೆಲವು ವರ್ಷಗಳ ಹಿಂದಿನ ಮಾತು. ಉತ್ತರ ಕರ್ನಾಟಕದ ಒಂದು ಊರಿನ ಜಾತ್ರೆ. ಅತಿಥಿ ಅಂತ ನನ್ನನ್ನೂ ಕರೆದಿದ್ದರು. ರಾತ್ರಿ ಎಂಟೂವರೆ. ಮೈದಾನದ ತುಂಬ ಜನ. ವೇದಿಕೆ ಮೇಲೆ ಆರ್ಕೆಸ್ಟ್ರಾ, ಎರಡೂ ಬದಿಗೆ ಆಳೆತ್ತರದ ಸ್ಪೀಕರ್ ಗೋಡೆ. ಒಂದು ಹಾಡು ಮುಗಿಯಿತು, ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಸಂಘಟಕರೊಬ್ಬರು ಓಡಿ ಬಂದು ಗಾಯಕನ ಕೈಯಿಂದ ಮೈಕ್ ಇಸ್ಕೊಂಡು ಏನೋ ಹೇಳಿದರು.

ಏನು ಹೇಳಿದರು? ಮುಂದಿನ ಸಾಲಿನಲ್ಲಿ ಕೂತಿದ್ದ ನನಗೇ ಅರ್ಥವಾಗಲಿಲ್ಲ. "ಮಗು... ಗು... ಗು... ಅಂಗಿ... ಗಿ... ಗಿ... ಹತ್ರ... ತ್ರ... ತ್ರ..." ಇಷ್ಟೇ ಕೇಳಿಸಿದ್ದು. ಜನ ಸುಮ್ಮನೆ ಕೂತಿದ್ದರು. ಅವರು ಇನ್ನೊಮ್ಮೆ ಹೇಳಿದರು. ಮತ್ತೊಮ್ಮೆ ಕೂಗಿ ಹೇಳಿದರು. ಕೂಗಿದಷ್ಟೂ ಗದ್ದಲ ಜಾಸ್ತಿಯಾಯಿತೇ ಹೊರತು ಮಾತು ಹೊರಗೆ ಬರಲಿಲ್ಲ.

ಕೊನೆಗೆ ಮಿಕ್ಸರ್ ಹತ್ತಿರ ಕೂತಿದ್ದ ಹುಡುಗನಿಗೆ ಏನೋ ಹೊಳೆಯಿತು. ಒಂದು ಗುಂಡಿ ಒತ್ತಿದ. ನಾಲ್ಕನೇ ಸಲ ಅದೇ ಮಾತು ಹೀಗೆ ಕೇಳಿಸಿತು: "ಕೆಂಪು ಅಂಗಿ ಹಾಕಿರೋ ನಾಲ್ಕು ವರ್ಷದ ಹುಡುಗ ವೇದಿಕೆ ಹತ್ರ ಇದ್ದಾನೆ. ತಂದೆತಾಯಿ ಯಾರಿದ್ದರೂ ಬೇಗ ಬನ್ನಿ."

ಎರಡೇ ನಿಮಿಷ. ಬಳೆ ಅಂಗಡಿ ಸಾಲಿನಿಂದ ಒಬ್ಬ ಹೆಣ್ಣುಮಗಳು ಜನರನ್ನು ತಳ್ಳಿಕೊಂಡು, ಅಳುತ್ತಾ ಓಡಿ ಬಂದಳು. ಮಗುವನ್ನು ಎತ್ತಿಕೊಂಡು ಆಕೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಮೈಕಿನಾಗ ಏನೋ ಕೂಗಾಕತ್ತಿದ್ರು, ನಾನು ಹಾಡು ಅನ್ಕೊಂಡೆ."

ನೋಡಿ, ಮಗು ಸಿಕ್ಕಿತ್ತು. ಮೈಕ್ ಇತ್ತು. ಊರಿಗೇ ಕೇಳುವಷ್ಟು ದೊಡ್ಡ ಸ್ಪೀಕರ್ ಇತ್ತು. ತಾಯಿ ನೂರಿನ್ನೂರು ಅಡಿ ದೂರದಲ್ಲೇ ಇದ್ದಳು. ಆದರೂ ಮಾತು ಮುಟ್ಟಲಿಲ್ಲ. ಯಾಕೆ? ಹಾಡಿಗೆ ಅಂತ ಹಾಕಿದ್ದ ಎಕೋ, ಮಾತಿಗೂ ಹಾಗೇ ಉಳಿದಿತ್ತು. ಅಷ್ಟೇ! ಇವತ್ತು ಆ ಎಕೋ ಬಗ್ಗೆ ಮಾತಾಡೋಣ. ಇದು ಸೌಂಡ್ ಹುಡುಗರಿಗೆ ಮಾತ್ರ ಸಂಬಂಧಪಟ್ಟ ವಿಷಯ ಅಂದ್ಕೊಳ್ಳಬೇಡಿ. ಗಣೇಶೋತ್ಸವ, ರಾಜ್ಯೋತ್ಸವ, ಮದುವೆ, ನಾಟಕ, ಚುನಾವಣಾ ಸಭೆ, ಎಲ್ಲ ಕಡೆ ಕೇಳಿಸಿಕೊಳ್ಳೋರು ನಾವೇ ಅಲ್ವಾ?

ಮೊದಲು ಎಕೋ ಅಂದರೆ ಏನು? ವಿಜಯಪುರದ ಗೋಲಗುಮ್ಮಟಕ್ಕೆ ಹೋಗಿದ್ದೀರಾ? ಗುಮ್ಮಟದ ಒಳಗಿನ ಸುತ್ತು ಮೊಗಸಾಲೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ತಿರುಗಿ ಬರುತ್ತದೆ. ಏಳು ಸಲ ಅಂತಾರೆ ಕೆಲವರು, ಅದಕ್ಕೂ ಹೆಚ್ಚು ಅಂತಾರೆ ಇನ್ನು ಕೆಲವರು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಶಬ್ದ ಗಾಳಿಯಲ್ಲಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 343 ಮೀಟರ್ ಹೋಗುತ್ತದೆ. ಅಂದರೆ ಎದುರು ಗೋಡೆ ಮುಟ್ಟಿ ವಾಪಸ್ ಬರೋದಕ್ಕೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಕಿವಿಗೆ ಅಷ್ಟು ಅಂತರ ಸಾಕು, ಅದನ್ನು ಬೇರೆ ಶಬ್ದ ಅಂತ ಗುರುತಿಸೋದಕ್ಕೆ. ಮಕ್ಕಳು ಅಲ್ಲಿ ಕೂಗಿ ಖುಷಿ ಪಡುತ್ತಾರೆ. ನಾವೂ ಪಟ್ಟಿದ್ದೇವೆ. ಆದರೆ ಅಲ್ಲೇ ನಿಂತು ಅರ್ಧ ಗಂಟೆ ಭಾಷಣ ಮಾಡಿ ನೋಡೋಣ? ಒಂದು ವಾಕ್ಯವೂ ಅರ್ಥವಾಗುವುದಿಲ್ಲ. ಅದು ಸಮಾಧಿಗೆಂದು ಕಟ್ಟಿದ ಕಟ್ಟಡ, ಸಭೆಗೆ ಅಲ್ಲ.

ಇಲ್ಲಿ ಒಂದು ವ್ಯತ್ಯಾಸ ತಿಳ್ಕೊಳ್ಳಿ. ನಾವು ಎಲ್ಲದಕ್ಕೂ ಎಕೋ ಅಂತೀವಿ. ಮಿಕ್ಸರ್ ಮುಂದೆ ಕೂತವರಿಗೆ ಅದು ಎರಡು. ಒಂದು ಡಿಲೇ. ಅದೇ ಮಾತು ಸ್ವಲ್ಪ ತಡವಾಗಿ, ಎಣಿಸಬಹುದಾದ ಹಾಗೆ ತಿರುಗಿ ಬರೋದು. ಇನ್ನೊಂದು ರಿವರ್ಬ್. ಸಾವಿರಾರು ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು, ಎಣಿಸಲಾಗದೆ, ಗುಂಯ್ ಅಂತ ಉಳಿಯೋದು. ಖಾಲಿ ಮನೆಯಲ್ಲಿ ಮಾತಾಡಿದರೆ ಬರುತ್ತಲ್ಲ, ಅದು. ಬಚ್ಚಲುಮನೆಯಲ್ಲಿ ಹಾಡಿದರೆ ನಾವೆಲ್ಲರೂ ದೊಡ್ಡ ಗಾಯಕರು ಅನ್ನಿಸುತ್ತಲ್ಲ, ಅದೂ ರಿವರ್ಬ್‌ನ ಪುಣ್ಯವೇ.

ತಮಾಷೆ ಅಲ್ಲ. 1947ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಬಿಲ್ ಪಟ್ನಮ್ ಎಂಬ ಧ್ವನಿಮುದ್ರಣ ತಜ್ಞ ಸ್ಟುಡಿಯೋದ ಬಚ್ಚಲುಮನೆಯನ್ನೇ ಪ್ರತಿಧ್ವನಿಯ ಕೋಣೆ ಮಾಡಿಕೊಂಡ. ಒಳಗೆ ಒಂದು ಸ್ಪೀಕರ್ ಇಟ್ಟು ಹಾಡು ಬಿಟ್ಟ, ಒಂದು ಮೈಕ್ ಇಟ್ಟು ಆ ಗುಂಯ್ ಅನ್ನೋ ಶಬ್ದ ಹಿಡಿದ, ಅದನ್ನು ಮೂಲ ಹಾಡಿಗೆ ಬೆರೆಸಿದ. ಹಾರ್ಮೋನಿಕ್ಯಾಟ್ಸ್ ಎಂಬ ತಂಡದ ಆ ರೆಕಾರ್ಡ್ ಭರ್ಜರಿ ಹಿಟ್ ಆಯಿತು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಬಚ್ಚಲುಮನೆಯ ಬದಲು ದೊಡ್ಡ ಉಕ್ಕಿನ ಹಾಳೆಯನ್ನು ಚೌಕಟ್ಟಿಗೆ ತೂಗುಹಾಕಿ, ಅದನ್ನು ಕಂಪಿಸುವಂತೆ ಮಾಡಿ ರಿವರ್ಬ್ ಹುಟ್ಟಿಸಿತು. ಎತ್ತಿ ಇಡೋದಕ್ಕೆ ನಾಲ್ಕೈದು ಜನ ಬೇಕಾಗುತ್ತಿದ್ದ ಯಂತ್ರ ಅದು. 1976ರಲ್ಲಿ ಅದೇ ಕಂಪನಿ ಡಿಜಿಟಲ್ ರಿವರ್ಬ್ ತಂದಿತು. ಇವತ್ತು? ಹಳ್ಳಿಯ ಶಾಮಿಯಾನದವನ ಹತ್ತಿರ ಇರೋ ಸಣ್ಣ ಮಿಕ್ಸರ್‌ನಲ್ಲೂ ಹಾಲ್, ರೂಮ್, ಪ್ಲೇಟ್, ಎಕೋ ಅಂತ ಹತ್ತಾರು ಬಗೆ ಸಿಗುತ್ತವೆ. ಹಿಂದೆ ಕಟ್ಟಡ ಬೇಕಿತ್ತು. ಈಗ ಬೆರಳು ಸಾಕು. ಬಂದಿರೋ ಕಷ್ಟ ಅದೇ.

ಹಾಗಾದರೆ ಎಫೆಕ್ಟ್ ಬೇಡವೇ ಬೇಡವಾ? ಬೇಕು ಸ್ವಾಮಿ, ಖಂಡಿತ ಬೇಕು. ಯಾಕೆ ಅಂದರೆ, ಗಾಯಕ ಮೈಕನ್ನು ಬಾಯಿಗೆ ಒಂದೆರಡು ಇಂಚು ಹತ್ತಿರ ಹಿಡಿದು ಹಾಡುತ್ತಾನೆ. ನಾವು ಜೀವನದಲ್ಲಿ ಯಾರ ಬಾಯಿಗೂ ಒಂದಿಂಚು ದೂರದಲ್ಲಿ ಕಿವಿ ಇಟ್ಟು ಹಾಡು ಕೇಳೋದಿಲ್ಲ. ಕೋಣೆಯಲ್ಲಿ ಕೂತು ಕೇಳ್ತೀವಿ, ಆ ಕೋಣೆಯ ಗೋಡೆ, ಚಾವಣಿ ಹಾಡಿಗೆ ಒಂದಿಷ್ಟು ಮೈ ಕೊಡುತ್ತವೆ. ಬಯಲಿನಲ್ಲಿ ಗೋಡೆಯೇ ಇಲ್ಲ. ಮೈಕ್ ಹಿಡಿದ ಹಸಿ ದನಿ ಹಾಗೇ ಬಂದರೆ ಒಣ ಒಣ ಅನ್ನಿಸುತ್ತದೆ. ಕೊಳಲು ಬಡವಾಗುತ್ತದೆ, ಆಲಾಪ ತುಂಡು ತುಂಡಾಗುತ್ತದೆ. ಅದಕ್ಕೆ ಇಲ್ಲದ ಗೋಡೆಯನ್ನು ಯಂತ್ರದಿಂದ ಕಟ್ಟಿಕೊಡಬೇಕು. ರಿವರ್ಬ್ ಮಾಡೋ ಕೆಲಸ ಅದು. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆಯೇ ಇದೆಯಲ್ಲ. ಆದರೆ ಉಪ್ಪು ಎಷ್ಟು ಹಾಕಬೇಕು ಅನ್ನೋದು ಗಾದೆಯಲ್ಲಿಲ್ಲ, ಅಡುಗೆ ಮಾಡೋರ ಕೈಯಲ್ಲಿದೆ.

ಅಳತೆ ತಪ್ಪಿದರೆ ಏನಾಗುತ್ತದೆ? ಕನ್ನಡದ ಉದಾಹರಣೆಯನ್ನೇ ತಗೊಳ್ಳಿ. 'ಕತೆ' ಅನ್ನಿ. ಈಗ 'ಕತ್ತೆ' ಅನ್ನಿ. ಎರಡಕ್ಕೂ ಏನು ವ್ಯತ್ಯಾಸ? ಒತ್ತಕ್ಷರ ಅಂತೀರಿ. ಸರಿ. ಆದರೆ ಕಿವಿಗೆ ಗೊತ್ತಾಗೋದು ಹೇಗೆ? 'ಕತ್ತೆ' ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ. ಆ ಕ್ಷಣ ಶಬ್ದವೇ ಇಲ್ಲ. ಮೌನ! ಆ ಪುಟ್ಟ ಮೌನವೇ ಕತ್ತೆಯನ್ನು ಕತೆಯಿಂದ ಬೇರೆ ಮಾಡೋದು. ರಿವರ್ಬ್ ಏನು ಮಾಡುತ್ತದೆ? ಹಿಂದಿನ 'ಕ'ದ ಬಾಲವನ್ನು ತಂದು ಆ ಮೌನದೊಳಗೆ ತುಂಬುತ್ತದೆ. ಮೌನ ಹೋಯಿತು, ಒತ್ತು ಹೋಯಿತು. ಇನ್ನು 'ಅಕ್ಕಿ', 'ಹಕ್ಕಿ' ಅನ್ನೋದರಲ್ಲಿ 'ಹ' ಬರೀ ಉಸಿರು. ದೊಡ್ಡ ಸ್ಪೀಕರ್‌ನ ಗುಂಯ್ ಮಧ್ಯೆ ಆ ಉಸಿರು ಎಲ್ಲಿ ಕೇಳಬೇಕು? ಸ್ವರಗಳು ಬಲವಾದವು, ಉಳಿದುಕೊಳ್ಳುತ್ತವೆ. ಸ, ಶ, ತ, ಹ ಥರದ ವ್ಯಂಜನಗಳು ಬಡಪಾಯಿಗಳು, ಮೊದಲು ಸಾಯುವವು ಅವೇ. ಅರ್ಥ ಇರೋದು ಮಾತ್ರ ಅವುಗಳಲ್ಲೇ. ಆ ತಾಯಿಗೆ ಕೂಗು ಕೇಳಿಸಿತು, ಮಾತು ಕೇಳಿಸಲಿಲ್ಲ ಅಂದೆನಲ್ಲ, ಕಾರಣ ಇದು.

ಇದು ಹೊಸ ಸಮಸ್ಯೆ ಅಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸ ಉಪನ್ಯಾಸ ಕೊಠಡಿ ಕಟ್ಟಿಸಿತು. ಮೇಷ್ಟ್ರು ಆಡಿದ ಮಾತು ಐದೂವರೆ ಸೆಕೆಂಡು ಕೋಣೆಯಲ್ಲೇ ಸುತ್ತುತ್ತಿತ್ತು. ಒಂದು ವಾಕ್ಯ ಮುಗಿದರೂ ಅದರ ಮೊದಲ ಪದ ಇನ್ನೂ ಸತ್ತಿರಲಿಲ್ಲ! ವ್ಯಾಲೇಸ್ ಸೇಬೈನ್ ಎಂಬ ಯುವ ಅಧ್ಯಾಪಕನಿಗೆ ಸರಿ ಮಾಡಪ್ಪಾ ಅಂದರು. ಆತ ರಾತ್ರಿ ಹೊತ್ತು, ಊರು ಮಲಗಿದ ಮೇಲೆ, ಪಕ್ಕದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿಕೊಂಡು ಬಂದು ಕೊಠಡಿಯಲ್ಲಿ ಜೋಡಿಸಿ ಅಳೆದ. ಮೆತ್ತೆ ಹೆಚ್ಚಾದಂತೆ ಗುಂಯ್ ಕಡಿಮೆಯಾಯಿತು. ಬೆಳಗಾಗೋದರೊಳಗೆ ಮೆತ್ತೆ ವಾಪಸ್. ಹೀಗೆ ಎಷ್ಟೋ ರಾತ್ರಿ. ಜಗತ್ತಿನ ಸಭಾಂಗಣಗಳ ಧ್ವನಿಶಾಸ್ತ್ರ ಶುರುವಾಗಿದ್ದು ಆ ಮೆತ್ತೆಗಳಿಂದ. ಆತ ಗುಂಯ್ ತೆಗೆಯೋಕೆ ನಿದ್ದೆಗೆಟ್ಟ. ನಾವು ದುಡ್ಡು ಕೊಟ್ಟು ಹಾಕಿಸ್ತಾ ಇದ್ದೀವಿ!

ನಮ್ಮ ಕಲ್ಯಾಣ ಮಂಟಪಗಳನ್ನು ನೋಡಿ. ಕೆಳಗೆ ಗ್ರಾನೈಟ್, ಗೋಡೆಗೆ ಟೈಲ್ಸ್, ಮೇಲೆ ಎತ್ತರದ ಚಾವಣಿ. ಮೆತ್ತಗಿರೋ ವಸ್ತು ಅಂದರೆ ಕೂತಿರೋ ಜನ ಮಾತ್ರ. ಅಲ್ಲಿ ರಿವರ್ಬ್ ಆಗಲೇ ಬೇಕಾದಷ್ಟಿದೆ. ಅದರ ಮೇಲೆ ಮಿಕ್ಸರ್‌ನಿಂದಲೂ ಹಾಕೋದು ಅಂದರೆ ಮಳೆ ಸುರಿಯುವಾಗ ಗದ್ದೆಗೆ ನೀರು ಹಾಯಿಸಿದ ಹಾಗೆ.

ಬಲ್ಲವರು ಹೇಗೆ ಮಾಡ್ತಾರೆ? ಕಾರ್ಯಕ್ರಮಗಳಲ್ಲಿ ಒಳ್ಳೆಯ ಸೌಂಡ್ ಎಂಜಿನಿಯರ್‌ಗಳ ಪಕ್ಕ ನಿಂತು ನಾನು ನೋಡಿದ್ದು ಇಷ್ಟು. ಅವರು ಎಫೆಕ್ಟ್ ಅನ್ನು ಕೊನೆಗೆ ಮುಟ್ಟುತ್ತಾರೆ. ಮೊದಲು ಒಣ ದನಿಯನ್ನೇ ಸರಿಮಾಡುತ್ತಾರೆ. ಮೈಕ್ ಎಲ್ಲಿರಬೇಕು, ಮಟ್ಟ ಎಷ್ಟಿರಬೇಕು, ಗುಡುಗುವ ಕೆಳಗಿನ ಸ್ವರ ಎಷ್ಟು ಕತ್ತರಿಸಬೇಕು, ಇಷ್ಟಾಗಿ ಮಾತು ಸ್ಪಷ್ಟವಾದ ಮೇಲೆ ರಿವರ್ಬ್. ಅದನ್ನೂ ದನಿಯ ದಾರಿಗೆ ಅಡ್ಡ ಇಡೋದಿಲ್ಲ. ದನಿಯ ಒಂದು ಪಾಲನ್ನು ಬೇರೆ ಕಾಲುವೆಯಲ್ಲಿ ಎಫೆಕ್ಟ್ ಯಂತ್ರಕ್ಕೆ ಕಳಿಸಿ, ಅಲ್ಲಿಂದ ಬಂದಿದ್ದನ್ನು ಬೇರೆ ಫೇಡರ್‌ನಲ್ಲಿ ಬೆರೆಸುತ್ತಾರೆ. ಸೆಂಡ್, ರಿಟರ್ನ್ ಅಂತಾರೆ. ಲಾಭ ಏನು? ಮೂಲ ದನಿಗೆ ಕೈ ಹಚ್ಚದೆ ಎಫೆಕ್ಟ್ ಮಾತ್ರ ಏರಿಸಬಹುದು, ಇಳಿಸಬಹುದು, ಬೇಕೆಂದಾಗ ಬಾಯಿ ಮುಚ್ಚಿಸಬಹುದು.

ಇನ್ನೊಂದು ಜಾಣತನ ಇದೆ. ಮಾತು ಬಂದ ತಕ್ಷಣ ರಿವರ್ಬ್ ಶುರುವಾಗಬಾರದು. 20ರಿಂದ 40 ಮಿಲಿಸೆಕೆಂಡು ತಡೆದು ಬಿಟ್ಟರೆ, ಅಕ್ಷರದ ಮೊದಲ ಪೆಟ್ಟು ಕಿವಿಗೆ ಶುದ್ಧವಾಗಿ ತಲುಪಿರುತ್ತದೆ, ಗುಂಯ್ ಆಮೇಲೆ ಬರುತ್ತದೆ. ಪ್ರೀ-ಡಿಲೇ ಅಂತ ಹೆಸರು. ಹಾಗೆಯೇ ರಿವರ್ಬ್‌ನಲ್ಲಿರುವ ಕೆಳಸ್ವರಗಳನ್ನು ಕತ್ತರಿಸಿ ಹಾಕುತ್ತಾರೆ. ಕೆಸರು ತುಂಬೋದು ಆ ಕೆಳಸ್ವರಗಳಿಂದಲೇ. ಡಿಲೇ ಹಾಕಿದರೆ ತಾಳಕ್ಕೆ ಕೂಡಿಸುತ್ತಾರೆ. ನಿಮಿಷಕ್ಕೆ 120 ಪೆಟ್ಟಿನ ಹಾಡು ಅಂದರೆ ಒಂದು ಪೆಟ್ಟಿಗೆ 500 ಮಿಲಿಸೆಕೆಂಡು. ಆ ಲೆಕ್ಕಕ್ಕೆ ಪ್ರತಿಧ್ವನಿ ಬಂದರೆ ಹಾಡಿನೊಳಗೆ ಸೇರಿಕೊಳ್ಳುತ್ತದೆ, ತಪ್ಪಿದರೆ ತಾಳಕ್ಕೇ ಕಾಲು ಕೊಡುತ್ತದೆ. ಅದೂ ಇಡೀ ಹಾಡಿಗಲ್ಲ, ಸಾಲಿನ ಕೊನೆಯ ಪದಕ್ಕೆ ಮಾತ್ರ.

ವೇದಿಕೆ ಮೇಲೆ ಗಾಯಕನಿಗೆ ತನ್ನ ದನಿ ಕೇಳೋದಕ್ಕೆ ಇಟ್ಟ ಮಾನಿಟರ್‌ಗೂ ರಿವರ್ಬ್ ಸುರಿದರೆ ಇನ್ನೊಂದು ಅನಾಹುತ. ಸ್ಪೀಕರ್‌ನಿಂದ ಬಂದ ದನಿ ಮತ್ತೆ ಮೈಕ್ ಒಳಗೆ ಹೋಗಿ, ಮತ್ತೆ ಸ್ಪೀಕರ್‌ಗೆ ಬಂದು, ಸುತ್ತು ಹಾಕಿ ಹಾಕಿ ಕುಯ್ಯ್ ಅಂತ ಕಿರುಚುತ್ತದೆ. ಸಭೆಯಲ್ಲಿ ಎಲ್ಲರೂ ಕಿವಿ ಮುಚ್ಕೊಳ್ಳೋದು ಆಗಲೇ.

ಎಲ್ಲಕ್ಕಿಂತ ಮುಖ್ಯ ನಿಯಮ ಯಾವುದು ಗೊತ್ತಾ? ಹಾಡು ಮುಗಿದು ಮನುಷ್ಯ ಮಾತಾಡೋಕೆ ಬಾಯಿ ತೆಗೆಯೋದರೊಳಗೆ ಎಫೆಕ್ಟ್ ಮ್ಯೂಟ್ ಆಗಿರಬೇಕು. "ಎಲ್ಲರಿಗೂ ನಮಸ್ಕಾರ" ಅನ್ನೋ ಮಾತಿನ ಹಿಂದೆ "ಕಾರ, ಕಾರ, ಕಾರ" ಅಂತ ಬಂತೋ, ಮಿಕ್ಸರ್ ಹತ್ತಿರ ಇರೋರು ಮೊಬೈಲ್ ನೋಡ್ತಾ ಇದ್ದಾರೆ ಅಂತಲೇ ಅರ್ಥ. ತಾಳಮದ್ದಳೆಯನ್ನು ಯೋಚಿಸಿ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಯ ಮಾತೇ ಸರ್ವಸ್ವ. ಭಾಗವತರ ಪದಕ್ಕೆ ಚೂರು ರಿವರ್ಬ್ ಇರಲಿ, ಚೆನ್ನಾಗಿರುತ್ತದೆ. ಅರ್ಥಗಾರಿಕೆಗೂ ಅದೇ ಉಳಿದರೆ ಕರ್ಣ ಹೇಳಿದ್ದು ಕೃಷ್ಣನಿಗೇ ಕೇಳಲ್ಲ!

ಇಷ್ಟು ಹೊತ್ತು ಡಿಲೇ ಬೈದೆ. ಅದೇ ಡಿಲೇ ಮಾತನ್ನು ಕಾಪಾಡುವ ಒಂದು ಸಂದರ್ಭವನ್ನೂ ಹೇಳಿಬಿಡುತ್ತೇನೆ. ದೊಡ್ಡ ಮೈದಾನದಲ್ಲಿ ಹಿಂದೆ ಕೂತವರಿಗೆಂದು ನಡುವೆ ಇನ್ನೊಂದು ಸ್ಪೀಕರ್ ಕಂಬ ನಿಲ್ಲಿಸುತ್ತಾರೆ. ವೇದಿಕೆಯಿಂದ 34 ಮೀಟರ್ ದೂರ ಅಂದ್ಕೊಳ್ಳಿ. ತಂತಿಯಲ್ಲಿ ಸಿಗ್ನಲ್ ಕಣ್ಣು ಮಿಟುಕಿಸೋದರೊಳಗೆ ಅಲ್ಲಿಗೆ ಹೋಗುತ್ತದೆ. ಗಾಳಿಯಲ್ಲಿ ವೇದಿಕೆಯ ದನಿ ಬರೋದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ 100 ಮಿಲಿಸೆಕೆಂಡು ಬೇಕು. ಹಿಂದೆ ಕೂತವರಿಗೆ ಒಂದೇ ಮಾತು ಎರಡು ಸಲ. ರಸ್ತೆ ಉದ್ದಕ್ಕೂ ಕಂಬಕ್ಕೆ ಹಾರ್ನ್ ಕಟ್ಟಿದ ಕಡೆ ಭಾಷಣ ಕಲಸಿ ಹೋಗೋದು ಹೀಗೇ. ಪರಿಹಾರ? ಹಿಂದಿನ ಸ್ಪೀಕರ್‌ಗೆ ಅಷ್ಟೇ 100 ಮಿಲಿಸೆಕೆಂಡು ಡಿಲೇ ಕೊಡಬೇಕು. ಮೇಲೆ ಇನ್ನು ಹತ್ತು ಹದಿನೈದು ಸೇರಿಸಿದರೆ ಇನ್ನೂ ಒಳ್ಳೆಯದು. ಯಾಕೆಂದರೆ ಮೊದಲು ಬಂದ ದನಿ ಯಾವ ದಿಕ್ಕಿನದೋ, ಕಿವಿ ಆ ದಿಕ್ಕನ್ನೇ ನಂಬುತ್ತದೆ. ಬೆನ್ನಹಿಂದೆಯೇ, ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದ ಪ್ರತಿಯನ್ನು ಬೇರೆ ಅಂತ ಗುರುತಿಸುವುದಿಲ್ಲ. 1949ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ತನ್ನ ಸಂಶೋಧನೆಯಲ್ಲಿ ತೋರಿಸಿದ್ದು ಇದನ್ನೇ. ಆಗ ಹಿಂದೆ ಕೂತ ಅಜ್ಜನಿಗೂ ದನಿ ವೇದಿಕೆಯಿಂದಲೇ ಬಂದ ಹಾಗೆ, ಸ್ಪಷ್ಟವಾಗಿ ಕೇಳುತ್ತದೆ. ಯಂತ್ರ ಅದೇ, ಗುಂಡಿ ಅದೇ. ಕೇಳುವವನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗಿಸಿದರೆ ವರ, ಇಲ್ಲದಿದ್ದರೆ ಶಾಪ.

ನನ್ನ ಮೇಲೂ ಒಂದು ಮಾತು ಹೇಳ್ಕೋಬೇಕು. "ಸಾರ್, ನಿಮ್ಮ ವಾಯ್ಸು ಏನ್ ಗಂಭೀರ" ಅಂತಾರೆ ಸಿಕ್ಕವರು. ಖುಷಿಯಾಗುತ್ತೆ. ಆದರೆ ಸತ್ಯ ಏನು? ಮೈಕ್ ಹತ್ತಿರ ಇದ್ದಷ್ಟೂ ದನಿಯ ಕೆಳಸ್ವರ ದಪ್ಪಗಾಗುತ್ತದೆ. ಅದರ ಮೇಲೆ ಕಂಪ್ರೆಸರ್ ಅಂತ ಒಂದಿದೆ. ವಾಲ್ಯೂಮ್ ಮೇಲೆ ಸದಾ ಕೈ ಇಟ್ಟ ಆಳು ಅಂದ್ಕೊಳ್ಳಿ. ನಾನು ಕೂಗಿದರೆ ತಗ್ಗಿಸುತ್ತದೆ, ಪಿಸುಗುಟ್ಟಿದ್ದನ್ನು ಒಟ್ಟಿನ ಮಟ್ಟಕ್ಕೆ ಎತ್ತಿ ನಿಲ್ಲಿಸುತ್ತದೆ. ನಾಲ್ಕಕ್ಕೆ ಒಂದು ಅಂತ ಇಟ್ಟರೆ, ಗೆರೆ ದಾಟಿ ನಾಲ್ಕು ಡೆಸಿಬೆಲ್ ಏರಿದ ದನಿ ಹೊರಗೆ ಒಂದೇ ಡೆಸಿಬೆಲ್ ಏರುತ್ತದೆ. ನೀವು ಕೇಳೋ ಗಾಂಭೀರ್ಯದಲ್ಲಿ ನನ್ನ ಪಾಲೆಷ್ಟು, ಯಂತ್ರದ ಪಾಲೆಷ್ಟು ಅಂತ ನಮ್ಮ ಮನೆಯವರನ್ನು ಕೇಳಿ, ಹೇಳ್ತಾರೆ! ಅದು ಮಾತನ್ನು ತಿಳಿಯಾಗಿ ತಲುಪಿಸೋದಕ್ಕೆ ಇರೋ ಉಪಕರಣ, ತಪ್ಪೇನಿಲ್ಲ. ಆದರೆ ಸುದ್ದಿಯ ಮಧ್ಯೆ ನಾವು ಹಾಕುವ ಧಡ್, ಢಣ್, ಗುಡುಗು, ಮಿಂಚು? ಎಷ್ಟೋ ಸಲ ಅದರ ಕೆಳಗೆ ಸುದ್ದಿಯೇ ಹೂತು ಹೋಗಿರುತ್ತದೆ. ಜಾತ್ರೆಯ ಆ ಹುಡುಗನನ್ನು ಬೈಯುವ ಮುಂಚೆ ಟಿವಿಯವರು ನಾವೂ ಕನ್ನಡಿ ನೋಡಿಕೊಳ್ಳಬೇಕು.

ಬೈಯಲಿಲ್ಲ ನಾನು ಅವನನ್ನು. ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡೀತಾ ಮಾತಾಡಿಸಿದೆ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಬೆಳಗ್ಗೆಯಿಂದ ಪೆಟ್ಟಿಗೆ ಹೊತ್ತು, ತಂತಿ ಎಳೆದು, ಜನರೇಟರ್ ಕಾಯ್ದು ಸುಸ್ತಾಗಿದ್ದ. ಹೇಗೆ ಕಲಿತೆ ಅಂದೆ. "ನೋಡಿ ನೋಡಿ ಕಲ್ತೆ ಸರ್, ಯಾರೂ ಹೇಳಿಕೊಟ್ಟಿಲ್ಲ" ಅಂದ. ಎಕೋ ಯಾಕಪ್ಪ ಅಷ್ಟು ಅಂದೆ. ಅವನು ಸ್ವಲ್ಪ ನಕ್ಕ. "ಕಮ್ಮಿ ಮಾಡಿದ್ರೆ ಕಮಿಟಿಯವರು ಬೈತಾರ ಸರ್. ಎಕೋ ಇಲ್ಲಂದ್ರ ಸೌಂಡ್ ಸೆಟ್ಟೇ ಡಮ್ಮಿ ಅಂತಾರ, ಬಾಡಿಗಿ ಮುರ್ಕೋತಾರ."

ಅಂದರೆ ಆ ಗುಂಡಿಯನ್ನು ತಿರುಗಿಸಿದ್ದು ಅವನ ಬೆರಳು, ತಿರುಗಿಸಿದವರು ನಾವು! ಜೋರಾಗಿದ್ದರೆ ಚೆನ್ನಾಗಿದೆ, ಗುಂಯ್ ಅಂದರೆ ದೊಡ್ಡದು ಅಂತ ನಾವೇ ಅವನಿಗೆ ಕಲಿಸಿದ್ದೇವೆ. ಹಾಗಾಗಿ ಸಂಘಟಕರಿಗೆ ನನ್ನದು ಸಣ್ಣ ಕೋರಿಕೆ. ಮುಂದಿನ ಸಲ ಸೌಂಡ್ ಟೆಸ್ಟಿಂಗ್ ಆಗುವಾಗ "ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಬಿಡಿ. ಮೈದಾನದ ಕೊನೆಯಲ್ಲಿ ಒಬ್ಬರನ್ನು ನಿಲ್ಲಿಸಿ. ಅವರಿಗೆ ಗೊತ್ತಿಲ್ಲದ ಒಂದು ಹೆಸರು, ಒಂದು ಬಣ್ಣ, ಒಂದು ಜಾಗ ಮೈಕಿನಲ್ಲಿ ಹೇಳಿ. ಅವರು ತಪ್ಪಿಲ್ಲದೆ ತಿರುಗಿ ಹೇಳಿದರೆ ಸೌಂಡ್ ಸರಿ ಇದೆ. ಇಲ್ಲದಿದ್ದರೆ, ಎಷ್ಟೇ ಲಕ್ಷದ ಸೆಟ್ ಇರಲಿ, ಸರಿ ಇಲ್ಲ. ಆ ಹುಡುಗನ ಬಾಡಿಗೆಯನ್ನು ಗುಂಯ್ ನೋಡಿ ಕೊಡಬೇಡಿ, ಮಾತು ಕೇಳಿಸಿತೋ ಇಲ್ಲವೋ ನೋಡಿ ಕೊಡಿ.

ಹಾಡಿಗೆ ಎಕೋ ಇರಲಿ, ಬೇಡ ಅನ್ನಲ್ಲ. ಆದರೆ ಕೆಂಪು ಅಂಗಿಯ ಮಗು ವೇದಿಕೆ ಹತ್ತಿರ ನಿಂತು ಅಳುತ್ತಿರುವಾಗ, ಬಳೆ ಅಂಗಡಿ ಹತ್ತಿರ ಇರೋ ತಾಯಿಗೆ ಅದು ಹಾಡಿನ ಹಾಗೆ ಕೇಳಬಾರದು.